ಹಲ್ಲಿನಲ್ಲಿ ಬಾಲ್ಯ, ಮೂಳೆಯಲ್ಲಿ ಬದುಕು

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅಪ್ಪ ಹಲ್ಲು ಬಿಟ್ಟು ನಕ್ಕ ಫೋಟೋ ಒಂದೂ ಇಲ್ಲ. ಮದುವೆಯ ಫೋಟೋದಲ್ಲಿ ತುಟಿ ಬಿಗಿಹಿಡಿದು ನಿಂತಿದ್ದಾರೆ. ನನಗೆ ಎಂಟೆಕ್ ಪದವಿ ಸಿಕ್ಕ ದಿನದ ಫೋಟೋದಲ್ಲೂ ಅಷ್ಟೇ, ಕಣ್ಣು ನಗುತ್ತಿವೆ, ಬಾಯಿ ಮುಚ್ಚಿದೆ. ಅಪ್ಪನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿವೆ, ನಡುನಡುವೆ ಸುಣ್ಣ ಬಳಿದಂಥ ಬಿಳಿ ಮಚ್ಚೆಗಳು. ಲಿಂಗಸುಗೂರು ತಾಲ್ಲೂಕಿನ ನಮ್ಮೂರಿನಲ್ಲಿ ಅವರ ಓರಗೆಯ ಬಹಳ ಮಂದಿಯ ಹಲ್ಲು ಹಾಗೇ ಇದ್ದವು. ಊರಲ್ಲಿ ಇದ್ದಷ್ಟು ದಿನ ಅದು ಯಾರಿಗೂ ದೋಷ ಅನಿಸಿರಲಿಲ್ಲ. ಹೈಸ್ಕೂಲಿಗೆಂದು ಪಟ್ಟಣಕ್ಕೆ ಹೋದಾಗ ಮಾಸ್ತರರೊಬ್ಬರು ಇಡೀ ತರಗತಿಯ ಮುಂದೆ "ಹಲ್ಲು ತಿಕ್ಕೂದಿಲ್ಲೇನಲೇ?" ಅಂದರಂತೆ. ಅಂದಿನಿಂದ ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ಬೇವಿನ ಕಡ್ಡಿ ಎಲ್ಲ ಆಯಿತು. ಗೆರೆ ಹೋಗಲಿಲ್ಲ. ಬಾಯಿ ಮುಚ್ಚಿ ನಗುವುದು ರೂಢಿಯಾಯಿತು.

ಹೋದ ವರ್ಷ ಅಪ್ಪನ ಕೆಳಗಿನ ದವಡೆಯ ಹಲ್ಲೊಂದು ಬಿತ್ತು. ರೊಟ್ಟಿ ಅಗಿಯಲು ಆಗುತ್ತಿಲ್ಲ ಎಂದು ಫೋನಿನಲ್ಲಿ ಹೇಳಿದಾಗ ಹೈದರಾಬಾದಿಗೆ ಕರೆಸಿಕೊಂಡೆ. ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ನಾರಾಯಣಗೂಡದ ತಾಜ್‌ಮಹಲ್ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿ, ಹತ್ತಿರದ ಗಲ್ಲಿಯಲ್ಲಿದ್ದ ಹಲ್ಲಿನ ಕ್ಲಿನಿಕ್ಕಿಗೆ ಕರೆದೊಯ್ದೆ. ಬಿದ್ದ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಕೂರಿಸಬಹುದು, ಅದಕ್ಕೆ ಮೊದಲು ಎರಡು ಬಗೆಯ ಚಿತ್ರ ಬೇಕು ಎಂದರು ಡಾಕ್ಟರಮ್ಮ.

ಮೊದಲನೆಯದು ಬೆಳಕಿನದು. ದಪ್ಪ ಪೆನ್ನಿನಂಥ ಸ್ಕ್ಯಾನರನ್ನು ಬಾಯೊಳಗೆ ಇಟ್ಟು ಒಂದೊಂದೇ ಹಲ್ಲಿನ ಮೇಲೆ ಸರಿಸುತ್ತ ಹೋದರು. ಪರದೆಯ ಮೇಲೆ ಅಪ್ಪನ ಬಾಯಿ ಬಣ್ಣಸಮೇತ ಮೂಡತೊಡಗಿತು. ಎರಡನೆಯದು ಎಕ್ಸ್-ರೇ. ಪಕ್ಕದ ಕೋಣೆಯಲ್ಲಿ ಅಪ್ಪನನ್ನು ನಿಲ್ಲಿಸಿದರು. ಯಂತ್ರದ ತೋಳು ತಲೆಯ ಸುತ್ತ ಒಂದು ಸುತ್ತು ಬಂತು. ಅದಕ್ಕೆ ಸಿಬಿಸಿಟಿ ಎನ್ನುತ್ತಾರೆ. ದವಡೆಯ ಮೂಳೆ ಎಷ್ಟು ದಪ್ಪ, ಅದರೊಳಗೆ ಹಾದುಹೋಗುವ ನರದ ಕಾಲುವೆ ಎಲ್ಲಿದೆ ಎಂಬುದು ಅದರಲ್ಲಿ ಸಿಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಒಂದರ ಮೇಲೊಂದು ಕೂರಿಸಿದರು. ಬೂದು ಬಣ್ಣದ ಮೂಳೆಯ ಮೇಲೆ ಗುಲಾಬಿ ಒಸಡು, ಅದರ ಮೇಲೆ ಅಪ್ಪನ ಕಂದು ಗೆರೆಯ ಹಲ್ಲುಗಳು ಬಂದು ಕುಳಿತವು.

ಎರಡು ಯಾಕೆ, ಒಂದೇ ಸಾಲದೇ ಎಂದು ಕೇಳಿದೆ. ಎಕ್ಸ್-ರೇಗೆ ಆಳ ಕಾಣುತ್ತದೆ. ಆದರೆ ಒಸಡಿನ ಅಂಚು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಹಲ್ಲಿಗೆ ಲೋಹ ತುಂಬಿಸಿದ್ದರೆ ಅದರ ಸುತ್ತ ಗೀರುಗೀರಾಗಿ ಚಿತ್ರ ಕೆಡುತ್ತದೆ, ಬಣ್ಣವಂತೂ ಇಲ್ಲವೇ ಇಲ್ಲ. ಬೆಳಕಿಗೆ ಮೇಲ್ಮೈ ಕೂದಲೆಳೆಯಷ್ಟು ನಿಖರವಾಗಿ ಕಾಣುತ್ತದೆ, ಒಸಡಿನ ಕೆಳಗೆ ಏನಿದೆಯೋ ಗೊತ್ತಾಗುವುದಿಲ್ಲ. ನಮ್ಮ ಐಟಿ ಕೆಲಸದಲ್ಲಿ ಇಂಥ ತಾಪತ್ರಯ ದಿನವೂ ಇರುತ್ತದೆ. ಎರಡು ಕಂಪನಿಗಳು ಒಂದಾದಾಗ ಎರಡೂ ಕಡೆಯ ಗ್ರಾಹಕರ ಪಟ್ಟಿ ಜೋಡಿಸಬೇಕು. ಒಂದರಲ್ಲಿ ಫೋನ್ ನಂಬರ್ ಸರಿ ಇರುತ್ತದೆ, ಇನ್ನೊಂದರಲ್ಲಿ ವಿಳಾಸ. ಎರಡರಲ್ಲೂ ಇರುವ ಯಾವುದೋ ಗುರುತು ಹಿಡಿದು ಹೊಂದಿಸಬೇಕು. ಇಲ್ಲಿ ಆ ಗುರುತು ಎಂದರೆ ಹಲ್ಲು, ಎರಡೂ ಚಿತ್ರಗಳಲ್ಲಿ ಕಾಣುವುದು ಅದೊಂದೇ. ಎರಡರಲ್ಲೂ ಮೂರ್ನಾಲ್ಕು ಬಿಂದು ಗುರುತಿಸಿಕೊಟ್ಟರೆ ಮಿಕ್ಕದ್ದನ್ನು ತಂತ್ರಾಂಶ ಸ್ವಲ್ಪ ಸ್ವಲ್ಪವೇ ಜರುಗಿಸಿ ಹೊಂದಿಸುತ್ತದೆ. ಇಂಥ ಹೊಂದಾಣಿಕೆಗೆ ಹೆಚ್ಚಾಗಿ ಬಳಕೆಯಾಗುವ ಲೆಕ್ಕವನ್ನು 1992ರಲ್ಲಿ ಪ್ರಕಟಿಸಿದವರು ಪಾಲ್ ಬೆಸ್ಲ್ ಮತ್ತು ನೀಲ್ ಮೆಕೇ. ಎಂಟೆಕ್‌ನಲ್ಲಿ ಓದಿದ್ದ ಹೆಸರುಗಳು ಅಪ್ಪನ ಬಾಯಿಯ ಚಿತ್ರದ ಹಿಂದೆ ಹೀಗೆ ಎದುರಾಗುತ್ತವೆ ಎಂದುಕೊಂಡಿರಲಿಲ್ಲ.

ಆ ಹೊತ್ತಿಗೆ ಡಾಕ್ಟರಮ್ಮ ಪರದೆಯಿಂದ ಅಪ್ಪನ ಕಡೆ ತಿರುಗಿ, ಹೈದರಾಬಾದಿ ಹಿಂದಿಯಲ್ಲಿ, "ಚಿಕ್ಕವರಿದ್ದಾಗ ಯಾವ ನೀರು ಕುಡೀತಿದ್ರಿ?" ಎಂದು ಕೇಳಿದರು. ಅಪ್ಪ ಹುಟ್ಟಿದ್ದು 1951ರಲ್ಲಿ, ರಾಯಚೂರು ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ. ದಖ್ಖನಿ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಊರ ಬಾವಿಯ ನೀರು, ಆಮೇಲೆ ಬೋರಿನ ನೀರು ಎಂದರು. "ಬೆನ್ನು, ಕುತ್ತಿಗೆ ಬಿಗೀತಾವೇನು?" ಎಂದು ಆಕೆ ಮತ್ತೆ ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ಹತ್ತಾರು ವರ್ಷದಿಂದ ಅವರಿಗೆ ಹಿಂದೆ ತಿರುಗಿ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ವಯಸ್ಸಾಯಿತು ಎಂದುಕೊಂಡಿದ್ದೆವು. ಹಲ್ಲಿನ ಡಾಕ್ಟರಿಗೆ ಬೆನ್ನಿನ ವಿಷಯ ಹೇಗೆ ಗೊತ್ತಾಯಿತು?

ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಕೆಲವು ತಿಂಗಳು ಓದಿದೆ. ಬೆಳಕಿನ ಚಿತ್ರ ಮತ್ತು ಎಕ್ಸ್-ರೇ ಚಿತ್ರ ಕಂಪ್ಯೂಟರಿನಲ್ಲಿ ಸೇರಿದ್ದು ಇತ್ತೀಚೆಗೆ. ಅದಕ್ಕೂ ಎಷ್ಟೋ ವರ್ಷ ಮೊದಲು ನಮ್ಮ ಈ ಭಾಗದಲ್ಲೇ ಎರಡನ್ನೂ ಕೂಡಿಸಿ ಓದಿದವರಿದ್ದರು.

ಎಕ್ಸ್-ರೇಯಿಂದ ಶುರು ಮಾಡುತ್ತೇನೆ. ರಾಂಟ್‌ಜೆನ್ ಅದನ್ನು ಕಂಡದ್ದು 1895ರ ನವೆಂಬರ್ 8ರಂದು. 1896ರ ಜನವರಿಯಲ್ಲೇ ಜರ್ಮನಿಯ ಬ್ರೌನ್‌ಶ್ವೈಗ್‌ನ ದಂತವೈದ್ಯ ಆಟೋ ವಾಲ್ಕ್‌ಹಾಫ್ ತನ್ನದೇ ಬಾಯೊಳಗೆ ಕಪ್ಪು ಕಾಗದ ಸುತ್ತಿದ ಗಾಜಿನ ಪ್ಲೇಟ್ ಇಟ್ಟುಕೊಂಡು ಹಲ್ಲಿನ ಚಿತ್ರ ತೆಗೆಸಿಕೊಂಡರು. 25 ನಿಮಿಷ ಅಲುಗಾಡದೆ ಇರಬೇಕಾಯಿತು. ಅವರಿಗೆ ನೆರವಾದ ರಸಾಯನಶಾಸ್ತ್ರಜ್ಞ ಫ್ರೀಡ್ರಿಶ್ ಗೀಸೆಲ್ ಮುಂದೆ ವಿಕಿರಣದಿಂದ ಬಂದ ಕ್ಯಾನ್ಸರಿಗೆ ತುತ್ತಾದರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯ ಕಿರಣದ ಹದ ನೋಡಲು ಪ್ರತಿಸಲ ತನ್ನ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು. ಮೊದಲು ಬೆರಳುಗಳು ಹೋದವು, ಆಮೇಲೆ ಕೈ, ಕೊನೆಗೆ ತೋಳು. 1928ರಲ್ಲಿ ಅವರು ತಾವೇ ಬದುಕು ಮುಗಿಸಿಕೊಂಡರು. ಇವತ್ತು ಎಕ್ಸ್-ರೇ ತೆಗೆಯುವವರು ಕೋಣೆಯಿಂದ ಆಚೆ ಹೋಗಿ ಗುಂಡಿ ಒತ್ತುವುದರ ಹಿಂದೆ ಇಂಥ ಕೈಗಳ ಕಥೆ ಇದೆ.

ಬೆಳಕಿನ ಕಥೆ ಬೇರೆ. ಹಲ್ಲನ್ನು ನೋಡಲು ವೈದ್ಯರಿಗೆ ಬಹುಕಾಲ ಕಿಟಕಿಯ ಬೆಳಕು, ಪುಟ್ಟ ಕನ್ನಡಿ, ತಮ್ಮ ಕಣ್ಣು ಇಷ್ಟೇ ಇದ್ದದ್ದು. ಆದರೆ ಅಷ್ಟರಿಂದಲೇ ಒಂದು ದೊಡ್ಡ ಸಂಗತಿ ಹೊರಬಂತು. 1901ರಲ್ಲಿ ಕಾಲೇಜು ಮುಗಿಸಿ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು (ಇವರು ಇನ್ನೊಬ್ಬ ಮೆಕೇ) ಅಲ್ಲಿನ ಎಷ್ಟೋ ಜನರ ಹಲ್ಲು ಕಂದುಗಟ್ಟಿದ್ದನ್ನು ಕಂಡರು. ಆ ಊರಲ್ಲಿ ಹುಟ್ಟಿದವರಿಗೆ, ಇಲ್ಲವೇ ಎಳೆಗೂಸಾಗಿ ಬಂದವರಿಗೆ ಮಾತ್ರ ಈ ಕಲೆ, ದೊಡ್ಡವರಾಗಿ ಬಂದವರಿಗೆ ಇಲ್ಲ. ಆ ಕಾಲದ ಹೆಸರಾಂತ ದಂತವಿಜ್ಞಾನಿ ಜಿ. ವಿ. ಬ್ಲಾಕ್ ಅವರ ಜೊತೆ ಸೇರಿದರು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಈ ದೋಷ ಸೇರುತ್ತದೆ, ಕಾರಣ ನೀರಿನಲ್ಲಿರಬೇಕು ಎಂಬುದು ಮೆಕೇಯವರ ಅನುಮಾನ. ನೀರಿನಲ್ಲಿ ಏನು ಎಂಬುದು ತಿಳಿಯಲು 1931 ಆಗಬೇಕಾಯಿತು. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಆ ನೀರುಗಳಲ್ಲಿ ಫ್ಲೋರೈಡ್ ಹೆಚ್ಚಿರುವುದನ್ನು ತೋರಿಸಿಕೊಟ್ಟರು. ಮುಂದೆ ಟ್ರೆಂಡ್ಲಿ ಡೀನ್, ಕಣ್ಣಿಗೆ ಕಂಡ ಕಲೆಯನ್ನು ದರ್ಜೆಗಳಾಗಿ ವಿಂಗಡಿಸುವ ಸೂಚ್ಯಂಕ ಮಾಡಿದರು. ಅದು ಇಂದಿಗೂ ಬಳಕೆಯಲ್ಲಿದೆ.

ಆ ಬಿಳಿ ಮಚ್ಚೆ ಎಂದರೆ ಏನು? ಒಳ್ಳೆಯ ಎನಾಮೆಲ್ ಅರೆಪಾರದರ್ಶಕ. ಬೆಳಕು ಒಳಗೆ ಹೋಗಿ ಬರುತ್ತದೆ. ಫ್ಲೋರೈಡ್ ಹೆಚ್ಚಾದಾಗ ಮೇಲ್ಪದರದ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಉಳಿದುಬಿಡುತ್ತವೆ. ಬೆಳಕು ಅಲ್ಲಿ ಚದುರಿ ಸುಣ್ಣದಂತೆ ಬೆಳ್ಳಗೆ ಕಾಣುತ್ತದೆ. ಹಲ್ಲನ್ನು ಒರೆಸಿ ಒಣಗಿಸಿದರೆ ರಂಧ್ರಗಳಲ್ಲಿ ನೀರಿನ ಬದಲು ಗಾಳಿ ತುಂಬಿ ಮಚ್ಚೆ ಇನ್ನಷ್ಟು ಎದ್ದು ಕಾಣುತ್ತದೆ. ಡಾಕ್ಟರಮ್ಮ ಅಪ್ಪನ ಹಲ್ಲಿನ ಮೇಲೆ ಗಾಳಿ ಊದಿ ನೋಡಿದ್ದು ಇದಕ್ಕೇ. ಕಂದು ಬಣ್ಣ ಬರುವುದು ಆಮೇಲೆ. ಹಲ್ಲು ಹೊರಬಂದ ಮೇಲೆ ಆ ರಂಧ್ರಗಳು ತಿಂದದ್ದು ಕುಡಿದದ್ದರ ಬಣ್ಣ ಹೀರಿಕೊಳ್ಳುತ್ತವೆ. ಎಷ್ಟು ತಿಕ್ಕಿದರೂ ಹೋಗದ್ದಕ್ಕೆ ಕಾರಣ ಇದೇ, ಗೆರೆ ಹಲ್ಲಿನ ಮೇಲಿಲ್ಲ, ಒಳಗಿದೆ.

ಆದರೆ ಹಲ್ಲು ಹೇಳುವುದು ಬಾಲ್ಯದ ಮಾತು ಮಾತ್ರ. ಮುಂದಿನ ಬಾಚಿಹಲ್ಲುಗಳ ಎನಾಮೆಲ್ ಸುಮಾರು ನಾಲ್ಕೈದು ವರ್ಷದೊಳಗೆ ಸಿದ್ಧವಾಗುತ್ತದೆ. ಬುದ್ಧಿಹಲ್ಲು ಬಿಟ್ಟರೆ ಮಿಕ್ಕವುಗಳದು ಎಂಟು ವರ್ಷದ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಎಷ್ಟು ಫ್ಲೋರೈಡ್ ಕುಡಿದರೂ ಎನಾಮೆಲ್ ಅದನ್ನು ಹೀಗೆ ದಾಖಲಿಸುವುದಿಲ್ಲ. ಮೂಳೆ ಹಾಗಲ್ಲ. ಅದು ಬದುಕಿರುವವರೆಗೂ ತನ್ನನ್ನು ಒಡೆದು ಕಟ್ಟಿಕೊಳ್ಳುತ್ತಲೇ ಇರುತ್ತದೆ, ಕಟ್ಟಿಕೊಳ್ಳುವಾಗೆಲ್ಲ ಫ್ಲೋರೈಡನ್ನು ಸೇರಿಸಿಕೊಳ್ಳುತ್ತದೆ. ಅದನ್ನು ನೋಡಲು ಬೆಳಕು ಸಾಲದು, ಎಕ್ಸ್-ರೇ ಬೇಕು. 1932ರಲ್ಲಿ ಕೋಪನ್‌ಹೇಗನ್‌ನಲ್ಲಿ ಮೊಲ್ಲರ್ ಮತ್ತು ಗುಡ್‌ಜಾನ್ಸನ್ ಎಂಬ ವೈದ್ಯರು ಕ್ರಯೋಲೈಟ್ ಎಂಬ ಫ್ಲೋರೈಡ್ ಖನಿಜದ ಕಾರ್ಖಾನೆಯ ಕೆಲಸಗಾರರ ಎಕ್ಸ್-ರೇ ನೋಡಿ ಬೆರಗಾದರು. ಬೆನ್ನುಮೂಳೆ ಅಸಹಜವಾಗಿ ದಟ್ಟವಾಗಿತ್ತು, ಸ್ನಾಯುಗಳನ್ನೂ ಕೀಲುಗಳನ್ನೂ ಹಿಡಿದಿಡುವ ಪಟ್ಟಿಗಳು ಸುಣ್ಣಗಟ್ಟಿದ್ದವು. ಕೊಲರಾಡೋದವರಿಗೆ ಹಲ್ಲು ಕಂಡಿತು, ಕೋಪನ್‌ಹೇಗನ್‌ನವರಿಗೆ ಮೂಳೆ.

ಎರಡೂ ಒಂದೇ ಮೈಯಲ್ಲಿ, ಕುಡಿಯುವ ನೀರಿನಿಂದಲೇ, ಊರಿಗೆ ಊರೇ ಕಂಡದ್ದು ನಮ್ಮ ಪಕ್ಕದಲ್ಲಿ. ಮದ್ರಾಸ್ ಪ್ರಾಂತ್ಯದ ಆಗಿನ ನೆಲ್ಲೂರು ಜಿಲ್ಲೆಯಲ್ಲಿ ಎತ್ತುಗಳ ಕಾಲು ಹಿಡಿದುಕೊಳ್ಳುವುದನ್ನು ರೈತರು ಗಮನಿಸಿದ್ದರು. 1937ರಲ್ಲಿ ಶಾರ್ಟ್, ಪಂಡಿತ್, ರಾಘವಾಚಾರಿ ಮತ್ತು ಅವರ ಸಂಗಡಿಗರು ಅಲ್ಲಿನ ಜನರ ಬಗ್ಗೆ ಬರೆದ ವರದಿಗಳು ಬಂದವು. ಕಲೆಗಟ್ಟಿದ ಹಲ್ಲು, ಬಗ್ಗದ ಬೆನ್ನು, ಎಕ್ಸ್-ರೇಯಲ್ಲಿ ದಟ್ಟವಾದ ಮೂಳೆ, ಬಾವಿಯ ನೀರಿನಲ್ಲಿ ಫ್ಲೋರೈಡ್. ಇವು ನಾಲ್ಕನ್ನೂ ಒಂದೇ ಕಡೆ ಇಟ್ಟು ನೋಡಿದ್ದೇ ಅವರ ದೊಡ್ಡ ಕೆಲಸ. 1955ರಲ್ಲಿ ಹೈದರಾಬಾದಿನ ಎ. ಎಚ್. ಸಿದ್ದಿಕಿ ನಲ್ಗೊಂಡ ಜಿಲ್ಲೆಯ ರೋಗಿಗಳ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಆಗ ಅಪ್ಪನಿಗೆ ನಾಲ್ಕು ವರ್ಷ. ಅವರ ಬಾಚಿಹಲ್ಲುಗಳ ಎನಾಮೆಲ್ ಒಸಡಿನೊಳಗೆ ಮುಗಿಯುತ್ತ ಬಂದಿದ್ದ ಕಾಲ. ಅದೇ ರಾಜ್ಯದ ಇನ್ನೊಂದು ಮೂಲೆಯಲ್ಲಿ ಅವರು ಬಾವಿಯ ನೀರು ಕುಡಿಯುತ್ತಿದ್ದರು.

1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇನ್ನೊಂದು ರೂಪವನ್ನು ವಿವರಿಸಿದರು. ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳ ಎಳೆಯರಲ್ಲಿ ಮಂಡಿಗಳು ಒಳಕ್ಕೆ ತಾಗುವಂತೆ ಕಾಲು ಸೊಟ್ಟಗಾಗುತ್ತಿದ್ದವು, ಮೂಳೆ ಟೊಳ್ಳಾಗುತ್ತಿತ್ತು. ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ತಿಳಿಯಾಗಲು ಬಿಟ್ಟು ಫ್ಲೋರೈಡ್ ತೆಗೆಯುವ ವಿಧಾನಕ್ಕೆ ನಲ್ಗೊಂಡ ತಂತ್ರ ಎಂಬ ಹೆಸರು ಉಳಿಯಿತು. ಅದನ್ನು ರೂಪಿಸಿದ್ದು ನಾಗಪುರದ ನೀರಿ ಸಂಸ್ಥೆ. ರೋಗದಿಂದ ಹೆಸರಾದ ಜಿಲ್ಲೆಯ ಹೆಸರು ಪರಿಹಾರಕ್ಕೂ ಅಂಟಿಕೊಂಡಿತು.

ಈ ನಡುವೆ ಹಲ್ಲಿನ ಚಿತ್ರಗಳು ಅಂಕಿಗಳಾದವು. ಫ್ರಾನ್ಸಿನ ಲಿಯೋನ್‌ನಲ್ಲಿ ಫ್ರಾಂಸ್ವಾ ಡ್ಯುರೇ 1973ರ ತನ್ನ ಪ್ರಬಂಧದಲ್ಲಿ, ಬಾಯಿಗೆ ಮೇಣವನ್ನೋ ಅಂಟನ್ನೋ ತುಂಬಿ ಅಚ್ಚು ತೆಗೆಯುವ ಬದಲು ಬೆಳಕಿನಿಂದಲೇ ಅಚ್ಚು ತೆಗೆಯಬಹುದು ಎಂದರು. ಜ್ಯೂರಿಕ್‌ನಲ್ಲಿ ದಂತವೈದ್ಯ ವೆರ್ನರ್ ಮೋರ್ಮನ್ ಮತ್ತು ಎಂಜಿನಿಯರ್ ಮಾರ್ಕೋ ಬ್ರಾಂಡೆಸ್ಟಿನಿ 1985ರಲ್ಲಿ ಅದನ್ನು ಮಾಡಿ ತೋರಿಸಿದರು. ಹಲ್ಲಿನ ಮೇಲೆ ಪಟ್ಟೆಪಟ್ಟೆಯಾಗಿ ಬೆಳಕು ಚೆಲ್ಲಿ, ಪಟ್ಟೆಗಳು ಎಷ್ಟು ಬಾಗಿದವು ಎಂಬುದರಿಂದ ಆಕಾರ ಲೆಕ್ಕ ಹಾಕುವುದು ಅವರ ಉಪಾಯ. ಬೆಳಕು ಎನಾಮೆಲ್ಲಿನ ಒಳಗೆ ನುಗ್ಗಿ ಚದುರಬಾರದೆಂದು ಅವರು ಹಲ್ಲಿಗೆ ಬಿಳಿ ಪುಡಿ ಉದುರಿಸಬೇಕಾಗಿತ್ತು. ಅತ್ತ ಎಕ್ಸ್-ರೇ ಫಿಲ್ಮಿನ ಬದಲು ಸೆನ್ಸರ್ ತಂದವರು ಫ್ರಾನ್ಸಿನವರೇ ಆದ ಫ್ರಾನ್ಸಿಸ್ ಮೂಯಾಂ, 1987ರ ಸುಮಾರಿಗೆ. ಇಟಲಿಯ ವೆರೋನಾದ ತಂಡ 1998ರಲ್ಲಿ ದವಡೆಗೆಂದೇ ಮಾಡಿದ ಸಿಬಿಸಿಟಿಯ ವಿವರ ಪ್ರಕಟಿಸಿತು. ಎರಡೂ ಅಂಕಿಗಳಾದ ಮೇಲೆಯೇ ಒಂದರ ಮೇಲೊಂದು ಕೂರಿಸುವುದು ನಾರಾಯಣಗೂಡದ ಗಲ್ಲಿಯೊಂದರ ಕ್ಲಿನಿಕ್ಕಿಗೂ ಸಾಧ್ಯವಾಯಿತು.

ಅಪ್ಪನ ವಿಷಯಕ್ಕೆ ಮರಳುತ್ತೇನೆ. ಹಲ್ಲಿನ ಕಲೆ ನೋಡಿ ನಾನು ಬೆನ್ನಿನ ರೋಗ ಹೇಳಲಾರೆ, ಕಲೆ ಇದ್ದವರಿಗೆಲ್ಲ ಮೂಳೆಯ ತೊಂದರೆ ಇರಲೇಬೇಕೆಂದಿಲ್ಲ, ಆದರೆ ಅದೇ ಊರಲ್ಲಿ ಇಷ್ಟು ವರ್ಷ ಅದೇ ನೀರು ಕುಡಿದಿದ್ದರೆ ಒಮ್ಮೆ ಫಿಸಿಷಿಯನ್‌ಗೆ ತೋರಿಸಿ, ಹಳೆಯ ಎಕ್ಸ್-ರೇ ಇದ್ದರೆ ತರಿಸಿ ಎಂದರು ಡಾಕ್ಟರಮ್ಮ. ಹಳೆಯದೊಂದು ಇತ್ತು. ಹನ್ನೆರಡು ವರ್ಷದ ಹಿಂದೆ ಅಪ್ಪ ಸ್ಕೂಟರಿನಿಂದ ಬಿದ್ದಾಗ ಮುಂಗೈಯ ಎಕ್ಸ್-ರೇ ತೆಗೆಸಿದ್ದೆವು. "ಮುರಿತ ಇಲ್ಲ" ಎಂದು ಬರೆದುಕೊಟ್ಟಿದ್ದರು. ನಾವೂ ಖುಷಿಯಿಂದ ಫಿಲ್ಮನ್ನು ಕವರಿಗೆ ತುರುಕಿ ಟ್ರಂಕಿನಲ್ಲಿ ಇಟ್ಟಿದ್ದೆವು. ತಮ್ಮ ಅದನ್ನು ಬಸ್ಸಿನಲ್ಲಿ ಕಳಿಸಿದ.

ಫಿಸಿಷಿಯನ್ ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು. ಮುಂಗೈಯ ಎರಡು ಮೂಳೆಗಳ ನಡುವೆ ಒಂದು ತೆಳು ಪೊರೆ ಇರುತ್ತದೆ. ಸಾಮಾನ್ಯವಾಗಿ ಅದು ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಅಪ್ಪನ ಫಿಲ್ಮಿನಲ್ಲಿ ಮೂಳೆಯ ಅಂಚಿನಿಂದ ಒಳಕ್ಕೆ ಬೇಲಿಯ ಮುಳ್ಳಿನಂತೆ ಸುಣ್ಣಗಟ್ಟಿದ ಗೆರೆ ಚಾಚಿತ್ತು. ಫ್ಲೋರೈಡ್ ಮೂಳೆಗೆ ಇಳಿದಿರುವುದರ ಹಳೆಯ, ಹೆಸರಾದ ಗುರುತು ಅದು. ಹೊಸದಾಗಿ ತೆಗೆಸಿದ ಬೆನ್ನಿನ ಎಕ್ಸ್-ರೇ ಮತ್ತು ಮೂತ್ರದ ಪರೀಕ್ಷೆ ಅದನ್ನೇ ಹೇಳಿದವು. ಮಾಸ್ತರರು ಹಲ್ಲು ನೋಡಿದ್ದರು, ನೀರು ಕೇಳಲಿಲ್ಲ. ಎಕ್ಸ್-ರೇ ನೋಡಿದವರು ಮುರಿತ ಹುಡುಕಿದರು, ಬಾಯಿ ತೆರೆಸಲಿಲ್ಲ. ಮನೆಯಲ್ಲಿ ನಾವು ಎರಡನ್ನೂ ದಿನಾ ನೋಡುತ್ತಿದ್ದೆವು, ಕೂಡಿಸಲಿಲ್ಲ. ಕೂಡಿಸಿ ನೋಡಲು ಕಂಪ್ಯೂಟರೇ ಬೇಕಿರಲಿಲ್ಲ, 1937ರಲ್ಲೇ ಅದಿಲ್ಲದೆ ಆಗಿತ್ತು.

ಸೇರಿದ ಫ್ಲೋರೈಡನ್ನು ಮೂಳೆಯಿಂದ ತೆಗೆಯುವ ಔಷಧಿ ಇಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ನೀರು ಬದಲಿಸಬೇಕು, ಹಾಲು ಸೊಪ್ಪು ಚೆನ್ನಾಗಿ ತಿನ್ನಬೇಕು, ಇನ್ನಷ್ಟು ಸೇರದಂತೆ ನೋಡಿಕೊಳ್ಳಬೇಕು. ಅಪ್ಪ ಎಲ್ಲ ಕೇಳಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಕೂಸಿಂದು?"

ಕೂಸು ಎಂದರೆ ತಮ್ಮನ ಮಗಳು, ಐದು ವರ್ಷ. ಈಗ ಇರುವವು ಹಾಲುಹಲ್ಲು, ಮುಂದಿನ ಎರಡು ಇನ್ನೊಂದು ವರ್ಷದಲ್ಲಿ ಬಿದ್ದು ಹೊಸವು ಬರುತ್ತವೆ. ಆ ಹೊಸ ಬಾಚಿಹಲ್ಲುಗಳ ಎನಾಮೆಲ್ ಒಸಡಿನೊಳಗೆ ಆಗಲೇ ಬಹುಪಾಲು ತಯಾರಾಗಿರುತ್ತದೆ. ಪಕ್ಕದ ಹಲ್ಲುಗಳಿಗೆ ಇನ್ನೂ ಎರಡು ಮೂರು ವರ್ಷ ಉಂಟು. ಮೂಳೆಗಂತೂ ಇಡೀ ಬದುಕು ಇದೆ. ನಗರದ ಕುಡಿಯುವ ನೀರಿನ ಮಾದರಿಗಳನ್ನು ಪರೀಕ್ಷಿಸುವ ಪ್ರಿವೆಂಟಿವ್ ಮೆಡಿಸಿನ್ ಸಂಸ್ಥೆ ಇರುವುದು ಇದೇ ನಾರಾಯಣಗೂಡದಲ್ಲಿ. ಅದರ ಗೇಟಿನ ಮುಂದೆ ಎಷ್ಟೋ ವರ್ಷ ಗಾಡಿ ಓಡಿಸಿದ್ದೇನೆ, ಊರಿನ ನೀರು ಒಮ್ಮೆಯೂ ನೆನಪಾಗಿರಲಿಲ್ಲ. ತಮ್ಮನಿಗೆ ಹೇಳಿ ಬೋರಿನ ನೀರನ್ನು ಅಲ್ಲೇ ಜಿಲ್ಲೆಯಲ್ಲಿ ಪರೀಕ್ಷೆ ಮಾಡಿಸಿದೆವು. ನಮ್ಮಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ತನಕ ಒಳ್ಳೆಯ ನೀರು, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ. ನಮ್ಮ ಬೋರು ಅದನ್ನೂ ದಾಟಿತ್ತು. ಕುದಿಸಿದರೆ ಸರಿಹೋಗುತ್ತದೆ ಎಂದುಕೊಂಡಿದ್ದಳು ನಾದಿನಿ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ, ಹೋಗುವುದಿಲ್ಲ. ಈಗ ಕುಡಿಯಲು ಮತ್ತು ಅಡುಗೆಗೆ ಆರ್‌ಓ ನೀರು. ಮಳೆನೀರಿಗೆ ತೊಟ್ಟಿ ಕಟ್ಟಿಸುವ ಮಾತು ನಡೆದಿದೆ. ಆದರೆ ಓಣಿಯ ಮಿಕ್ಕ ಮನೆಗಳಲ್ಲಿ ಅದೇ ಬೋರು. ಆ ಪರೀಕ್ಷೆಯ ಕಾಗದವನ್ನು ಪಂಚಾಯಿತಿಗೆ ಕೊಟ್ಟಿದ್ದೇವೆ.

ಊರು ಬಿಟ್ಟು ಬಂದ ನನ್ನಂಥವರಿಗೆ ಮನೆಯಲ್ಲಿ ಫಿಲ್ಟರ್ ಇದೆ, ಮಕ್ಕಳ ಹಲ್ಲು ಬೆಳ್ಳಗಿವೆ. ಊರಿಗೆ ಹೋದಾಗ ಒಮ್ಮೆ ಹಿರಿಯರ ಹಲ್ಲು ನೋಡಿ, ಅವರು ಹಿಂದೆ ತಿರುಗುವ ರೀತಿ ನೋಡಿ, ಟ್ರಂಕಿನಲ್ಲಿ ಹಳೆಯ ಎಕ್ಸ್-ರೇ ಇದ್ದರೆ ತೆಗೆಸಿ, ಬರುವಾಗ ಒಂದು ಬಾಟಲಿ ನೀರು ಹಿಡಿದುಕೊಂಡು ಬನ್ನಿ.

ಇಂಪ್ಲಾಂಟ್ ಕೂತಿದೆ, ಅಪ್ಪ ರೊಟ್ಟಿ ತಿನ್ನುತ್ತಿದ್ದಾರೆ. ಮುಂದಿನ ಹಲ್ಲಿಗೆ ತೆಳು ಹೊದಿಕೆ ಅಂಟಿಸಿ ಗೆರೆ ಮುಚ್ಚಬಹುದು ಎಂದು ಡಾಕ್ಟರಮ್ಮ ಹೇಳಿದಾಗ ಬೇಡ ಎಂದರು. ಬದಲಿಗೆ ಆ ಸ್ಕ್ಯಾನಿನ ಬಣ್ಣದ ಚಿತ್ರವನ್ನು ಮೊಬೈಲಿಗೆ ಹಾಕಿಸಿಕೊಂಡು ಹೋಗಿ ಊರ ಕಟ್ಟೆಯಲ್ಲಿ ಓರಗೆಯವರಿಗೆಲ್ಲ ತೋರಿಸಿದ್ದಾರೆ. ಮೊನ್ನೆ ಫೋನಿನಲ್ಲಿ ಹೇಳಿದರು: "ತಿಕ್ಕಲಾರದ್ದಕ್ಕ ಅಲ್ಲಪಾ, ನೀರಿನ ಸಲುವಾಗಿ ಅಂತ ಎಲ್ಲಾರಿಗೂ ಹೇಳೀನಿ. ಆ ಮಾಸ್ತರು ಇದ್ದಿದ್ರ ಅವರಿಗೂ ತೋರಿಸ್ತಿದ್ದೆ."